ರಸ್ತೆ ಅಗಲ ಆಯ್ತದೆ, ಹೋಟೆಲ್ ಬೋರ್ಡು ಎಲ್ಲಿ ಮಡಗೋದು?

ಮುದ್ದೆಊಟ_ಮಂಡ್ಯ ಕೇಳಿದ್ದು:

ಎಲ್ರಿಗೂ ನಮಸ್ಕಾರ. ಮಂಡ್ಯದಿಂದ ಏಳೆಂಟು ಕಿಲೋಮೀಟರ್ ಆಚೆಗೆ ರಸ್ತೆ ಬದೀಲಿ ನಮ್ದೊಂದು ಊಟದ ಹೋಟೆಲ್ ಅದೆ. ಯಾವ ರಸ್ತೆ ಅಂತ ಬರೆಯಲ್ಲ, ಸುತ್ತಮುತ್ತ ಓಡಾಡೋರಿಗೆ ಗೊತ್ತಾಗೇ ಆಗ್ತದೆ. ಅಪ್ಪ 1987ರಲ್ಲಿ ಗರಿ ಹೊದಿಸಿ ಶುರು ಮಾಡಿದ್ದು. ಈಗ ನಾನೂ ನಮ್ಮನೆಯವರೂ ನಡೆಸ್ತಿದೀವಿ. ಮುದ್ದೆ, ಅನ್ನ, ಒಂದಿನ ಬಸ್ಸಾರು, ಒಂದಿನ ಉಪ್ಸಾರು, ಭಾನುವಾರ ನಾಟಿಕೋಳಿ. ಅಪ್ಪ ಬೆಳಗ್ಗೆ ಬಂದು ಗಲ್ಲಾ ಪಕ್ಕ ಕೂತ್ಕೋತಾರೆ, ಸಾರು ರುಚಿ ನೋಡಿ ಉಪ್ಪು ಕಮ್ಮಿ ಅಂತಾರೆ, ಅಷ್ಟೇ ಅವರ ಕೆಲಸ ಈಗ.

ಎರಡು ಪಥದ ರಸ್ತೆ ನಾಲ್ಕು ಪಥ ಆಯ್ತದಂತೆ. ಹೋದ ತಿಂಗಳು ಟೇಪ್ ಹಿಡ್ಕಂಡು ಬಂದೋರು ನಮ್ಮ ಗೋಡೆ ಮೇಲೆ ಕೆಂಪು ಬಣ್ಣದಲ್ಲಿ ಒಂದು ಬಾಣದ ಗುರುತು, ಪಕ್ಕಕ್ಕೆ ಒಂದು ಅಂಕಿ ಬರೆದು ಹೋದ್ರು. ಆ ಲೆಕ್ಕದಲ್ಲಿ ಗೋಡೆ ಉಳಿತದೆ. ಗೋಡೆ ಮುಂದಿನ ಶೀಟು, ಎರಡು ಕಟ್ಟೆ, ಕೈ ತೊಳೆಯೋ ತೊಟ್ಟಿ, ಬೋರ್ಡು, ಇಷ್ಟೂ ಹೋಗ್ತದೆ. ಪಾತ್ರೆ ಪಗಡ ಒಳಗಿಟ್ಕಂಡ್ರೆ ಆಯ್ತು. ನನಗೆ ತಲೆ ಕೆಟ್ಟಿರೋದು ಬೋರ್ಡಿಂದು.

ಬೋರ್ಡು ಹನ್ನೆರಡಡಿ ಉದ್ದ, ಮೂರಡಿ ಎತ್ತರ. ತಗಡಿನ ಮೇಲೆ ಎನಾಮಲ್ ಪೇಂಟಲ್ಲಿ ಕೈಯಲ್ಲಿ ಬರೆದಿರೋದು. ಹಳದಿ ನೆಲ, ಕೆಂಪು ಅಕ್ಷರ, ಅಕ್ಷರಕ್ಕೆ ಕಪ್ಪು ನೆರಳು. ಬರೆದೋರು ಆಗಿನ ಕಾಲಕ್ಕೆ ಲಾರಿ ಹಿಂದೆ ಹುಲಿ, ಗಿಣಿ ಎಲ್ಲಾ ಬಿಡಿಸ್ತಿದ್ದೋರು, ಈಗಿಲ್ಲ. ಎರಡು ಸಲ ಅದೇ ಗೆರೆ ಮೇಲೆ ಬಣ್ಣ ತುಂಬಿಸಿದೀವಿ. ಲಾರಿಯೋರು "ಹಳದಿ ಬೋರ್ಡು ಹೋಟ್ಲು" ಅಂತಲೇ ಕರೆಯೋದು, ಹೆಸರು ಯಾರಿಗೂ ಬೇಡ.

ಕೇಳ್ಬೇಕಾಗಿರೋದು ಇಷ್ಟು. ಶೀಟಿಗೂ ಬೋರ್ಡಿಗೂ ಪರಿಹಾರ ಅಂತ ಏನಾದ್ರೂ ಬತ್ತದಾ? ಹೊಸ ಬೋರ್ಡು ಈಗಲೇ ಮಾಡಿಸ್ಬೇಕಾ, ರಸ್ತೆ ಮುಗಿದ ಮೇಲಾ? ಟೌನಲ್ಲಿ ಪ್ರಿಂಟಿಂಗ್ ಅಂಗಡಿ ಹುಡುಗ "ಅಕ್ಕ, ಫುಲ್ ಎಲ್ಇಡಿ ಹಾಕ್ಸಿ, ಮೈಸೂರಿಂದಲೇ ಕಾಣ್ತದೆ" ಅಂತಾನೆ. ಅವನು ಹೇಳಿದ ರೇಟು ಕೇಳಿ ನಮ್ಮನೆಯವರು ಮಾತೇ ಆಡ್ಲಿಲ್ಲ, ಎದ್ದು ಬಂದ್ರು. ಅಪ್ಪ ಮಾತ್ರ "ಬೋರ್ಡನ್ನ ಗುಜರಿಗೆ ಹಾಕಿದ್ರೆ ನಾನು ಹೋಟ್ಲಿಗೆ ಬರಲ್ಲ" ಅಂತ ಕೂತವ್ರೆ.

---

ದಿನಾ_ಬೈಕಲ್ಲಿ:

ಬೇಜಾರ್ ಮಾಡ್ಕೋಬೇಡಿ ಮೇಡಂ. ನಾನು ಅಂಥದ್ದೇ ರಸ್ತೇಲಿ ದಿನಾ 30 ಕಿಲೋಮೀಟರ್ ಹೋಗಿ ಬರೋನು. ಶೀಟು, ಬೋರ್ಡು, ಸ್ಟ್ಯಾಂಡು, ಟೀ ಕ್ಯಾನು ಎಲ್ಲಾ ಟಾರಿನ ಅಂಚಿಗೇ ತಂದಿಟ್ಟಿರ್ತಾರೆ. ಬಸ್ಸಿಗೆ ದಾರಿ ಬಿಡೋಣ ಅಂದ್ರೆ ಇಳಿಯೋಕೆ ಮಣ್ಣೇ ಇರಲ್ಲ. ಸಂಜೆ ಹೊತ್ತು ಎಲ್ಇಡಿ ಬೋರ್ಡುಗಳು ಕಣ್ಣಿಗೆ ಹೊಡೆದು ಮುಂದಿರೋ ಎತ್ತಿನಗಾಡಿ ಕಾಣಲ್ಲ, ಕಬ್ಬಿನ ಕಾಲದಲ್ಲಂತೂ ಕೇಳ್ಲೇಬೇಡಿ. ನಿಮ್ಮ ಹೋಟ್ಲು ಹಂಗಿದೆ ಅಂತ ಹೇಳ್ತಿಲ್ಲ. ಹಾಕೋದಾದ್ರೆ ಮಿಣಮಿಣ ಅನ್ನೋದು ಬೇಡ, ಅಷ್ಟೇ.

---

ನಿವೃತ್ತ_ಗುಮಾಸ್ತ:

ಭೂಸ್ವಾಧೀನದ ಕಡತಗಳ ಜೊತೆಯಲ್ಲೇ ಬಹಳ ವರ್ಷ ಕಳೆದವನು ನಾನು. ತಂಗೀ, ಬೋರ್ಡಿಗೆ ಪರಿಹಾರ ಬರುತ್ತದೆಯೇ ಎಂದು ಕೇಳುವ ಮೊದಲು, ಬೋರ್ಡು ನಿಂತಿರುವ ನೆಲ ಯಾರದು ಎಂದು ನೋಡಿಕೊಳ್ಳಬೇಕು. ಮಿಕ್ಕಿದ್ದೆಲ್ಲ ಅದರ ಮೇಲೆ ನಿಂತಿದೆ.

ಪಂಚಾಯಿತಿಯ ನಮೂನೆ 9 ಮತ್ತು 11ರಲ್ಲಿ ನಿಮ್ಮ ಸ್ವತ್ತಿನ ಅಳತೆ ಮತ್ತು ಚಕ್ಕುಬಂದಿ, ಅಂದರೆ ನಾಲ್ಕೂ ಕಡೆಯ ಗಡಿ, ಇರುತ್ತದೆ. ರಸ್ತೆಯ ಕಡೆಯ ಗಡಿ ಎಲ್ಲಿಗೆ ಮುಗಿಯುತ್ತದೆ ಎಂದು ಅದರಲ್ಲಿ ನೋಡಿ, ಟೇಪ್ ಹಿಡಿದು ನೀವೇ ಅಳೆದುಕೊಳ್ಳಿ. ಶೀಟಿನ ಕಂಬ ನಿಮ್ಮ ಗಡಿಯೊಳಗೆ ಇದ್ದರೆ ಅದು ನಿಮ್ಮ ಸ್ವತ್ತು. ಗಡಿ ದಾಟಿ ರಸ್ತೆಯ ಖರಾಬಿನಲ್ಲಿ, ಅಂದರೆ ರಸ್ತೆಗೆ ಬಿಟ್ಟ ಸರ್ಕಾರಿ ಜಾಗದಲ್ಲಿ, ನಿಂತಿದ್ದರೆ ಅದು ಒತ್ತುವರಿ. ಎಷ್ಟು ವರ್ಷದಿಂದ ಇದೆ ಎಂಬುದು ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಬೇಸರದ ಮಾತು, ಆದರೆ ಸುಳ್ಳು ಆಸೆ ಕೊಡಲಾರೆ.

ನಿಮ್ಮ ಜಾಗವನ್ನೇ ತೆಗೆದುಕೊಳ್ಳುವುದಾದರೆ ಗೋಡೆ ಮೇಲಿನ ಕೆಂಪು ಬಾಣ ನೋಟಿಸ್ ಆಗುವುದಿಲ್ಲ. 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಮೊದಲು ಕಲಂ 11ರ ಪ್ರಾಥಮಿಕ ಅಧಿಸೂಚನೆ ಬರಬೇಕು, ಅದಾದ 60 ದಿನದೊಳಗೆ ನೀವು ಆಕ್ಷೇಪಣೆ ಕೊಡಬಹುದು. ಆಮೇಲೆ ಕಲಂ 19ರ ಘೋಷಣೆ, ಕೊನೆಗೆ ಐತೀರ್ಪು, ಅಂದರೆ ಪರಿಹಾರ ಎಷ್ಟು ಎಂದು ನಿಗದಿ ಮಾಡುವ ಆದೇಶ. ರಾಷ್ಟ್ರೀಯ ಹೆದ್ದಾರಿಯಾದರೆ ದಾರಿ ಬೇರೆ. ಅದು 1956ರ ಹೆದ್ದಾರಿ ಕಾಯ್ದೆಯಡಿ ನಡೆಯುತ್ತದೆ, ಆಕ್ಷೇಪಣೆಗೆ 21 ದಿನ ಮಾತ್ರ. ನಿಮ್ಮದು ಯಾವುದು ಎಂದು ಮೊದಲು ತಿಳಿದುಕೊಳ್ಳಿ. ಜನ ಇಲ್ಲಿಯೇ ದಿನ ಕಳೆದುಕೊಳ್ಳುತ್ತಾರೆ.

ಬೆಲೆ ಕಟ್ಟುವಾಗ ನೆಲಕ್ಕೆ ಒಂದು ಲೆಕ್ಕ, ನೆಲಕ್ಕೆ ಅಂಟಿಕೊಂಡಿರುವ ಕಟ್ಟಡ, ಶೀಟು, ತೊಟ್ಟಿಗಳಿಗೆ ಇನ್ನೊಂದು ಲೆಕ್ಕ. ಇದು ಕಲಂ 29. ಇದರ ಮೇಲೆ ನೂರಕ್ಕೆ ನೂರರಷ್ಟು ಸೊಲೇಷಿಯಂ, ಅಂದರೆ ಬೆಲೆಯ ಮೇಲೆ ಕೊಡುವ ಹೆಚ್ಚುವರಿ ಹಣ, ಸೇರುತ್ತದೆ. ಕಲಂ 28ರಲ್ಲಿ ಇನ್ನೊಂದು ಮಾತಿದೆ, ಜನ ಕೇಳುವುದೇ ಇಲ್ಲ: ಸ್ವಾಧೀನದಿಂದ ನಿಮ್ಮ ಉಳಿದ ಸ್ವತ್ತಿಗೆ ಅಥವಾ ಸಂಪಾದನೆಗೆ ಆಗುವ ಹಾನಿಯನ್ನೂ, ವ್ಯಾಪಾರದ ಜಾಗ ಬದಲಿಸಬೇಕಾಗಿ ಬಂದರೆ ಅದರ ಖರ್ಚನ್ನೂ ಗಮನಿಸಬೇಕು. ಕೇಳಿದವರಿಗೆಲ್ಲ ಸಿಗುತ್ತದೆ ಎನ್ನುತ್ತಿಲ್ಲ. ಬರವಣಿಗೆಯಲ್ಲಿ ಕೇಳದೆ ಇದ್ದರೆ ಮಾತ್ರ ಖಂಡಿತ ಸಿಗುವುದಿಲ್ಲ.

ಬೋರ್ಡಿನ ವಿಚಾರ. ಬಿಚ್ಚಿ ಒಯ್ಯಬಹುದಾದ ವಸ್ತುವಿಗೆ ಬೆಲೆ ಕೊಡುವುದು ಕಷ್ಟ. ಸಿಮೆಂಟಿನ ಕಂಬಕ್ಕೆ ಕಟ್ಟಿದ್ದರೆ ಕಂಬದ ಲೆಕ್ಕದಲ್ಲಿ ಸೇರಿಸಲು ಕೇಳಿ. ಜಂಟಿ ಅಳತೆಗೆ ಬಂದ ದಿನ ಹೋಟೆಲ್ ಮುಚ್ಚಿದರೂ ಪರವಾಗಿಲ್ಲ, ಪಕ್ಕದಲ್ಲೇ ನಿಂತಿರಿ. ಮಹಜರಿನಲ್ಲಿ (ಸ್ಥಳದಲ್ಲೇ ಬರೆಯುವ ವರದಿಯಲ್ಲಿ) ಶೀಟು ಎಷ್ಟು ಅಡಿ, ಕಟ್ಟೆ ಎಷ್ಟು, ತೊಟ್ಟಿ ಎಷ್ಟು, ಬೋರ್ಡಿನ ಕಂಬ ಎಷ್ಟು ಎಂದು ಬರೆಸಿ, ಆಮೇಲೆ ಸಹಿ ಹಾಕಿ. ಖಾಲಿ ಮಹಜರಿಗೆ ಸಹಿ ಹಾಕಿದವರ ಅರ್ಜಿಗಳು ನನ್ನ ಮೇಜಿನ ಮೇಲೆ ಬಹಳ ಬಂದಿದ್ದವು.

---

ಮುದ್ದೆಊಟ_ಮಂಡ್ಯ:

ಅಣ್ಣಾ, ನೀವು ಹೇಳ್ದಂಗೆ ಅಳೆದ್ವಿ. ಕಟ್ಟೆ ನಮ್ಮ ಅಳತೇಲೇ ಅದೆ. ಶೀಟಿನ ಮುಂದಿನ ಸಾಲು ಕಂಬ ಎರಡೂಕಾಲಡಿ ಆಚೆಗೆ ಹೋಗದೆ. ಬೋರ್ಡು ನಿಂತಿರೋದೂ ಆ ಕಂಬದ ಮೇಲೇ. ಅಪ್ಪನ್ನ ಕೇಳಿದ್ರೆ "ಆವಾಗ ರಸ್ತೇನೇ ಇಷ್ಟಿರ್ಲಿಲ್ಲ, ರಸ್ತೆ ನನ್ನತ್ರಕ್ಕೆ ಬಂತು, ನಾನು ರಸ್ತೆ ಹತ್ರಕ್ಕೆ ಹೋಗ್ಲಿಲ್ಲ" ಅಂದ್ರು. ಮಹಜರಲ್ಲಿ ಇದನ್ನ ಬರೆಸಕ್ಕಾಗಲ್ಲ ಅಂತ ಗೊತ್ತು.

ಹೋಗ್ಲಿ ಬುಡಿ, ಬೋರ್ಡಿನ ದುಡ್ಡು ಬರಲ್ಲ ಅಂತ ಮನಸಿಗೆ ಹಾಕ್ಕಂಡೆ. ಕಟ್ಟೆ, ತೊಟ್ಟಿದು ಬರೆಸ್ತೀನಿ. ಹೊಸ ಬೋರ್ಡಿನ ವಿಚಾರ ಯಾರಾದ್ರೂ ಹೇಳಿ.

---

ಬೋರ್ಡುಕೆಲಸ_ಮೈಸೂರು:

ಅಕ್ಕ, ನಾನು ಮೈಸೂರಲ್ಲಿ ಬೋರ್ಡ್ ಮಾಡೋನು. ಬ್ರಷ್ ಕಾಲದಲ್ಲಿ ಶುರು ಮಾಡಿದ್ದು, ಆಮೇಲೆ ಫ್ಲೆಕ್ಸು, ಈಗ ಎಸಿಪಿ ಶೀಟು (ಎರಡೂ ಕಡೆ ಅಲ್ಯುಮಿನಿಯಂ ಅಂಟಿಸಿರೋ ಹಲಗೆ), ಅಕ್ರಿಲಿಕ್ ಅಕ್ಷರ. ನಿಮ್ಮಂಥ ಕೇಸು ವರ್ಷಕ್ಕೆ ಹತ್ತು ನೋಡ್ತೀನಿ. ಮೊದಲನೇ ಮಾತು: ಈಗ ಒಂದು ರೂಪಾಯೀನೂ ಬೋರ್ಡಿಗೆ ಹಾಕ್ಬೇಡಿ. ನನ್ನ ವ್ಯಾಪಾರಕ್ಕೆ ನಾನೇ ಕಲ್ಲು ಹಾಕ್ಕೊಂಡ ಹಾಗೆ ಆಯ್ತು, ಇರ್ಲಿ.

ಯಾಕೆ ಅಂದ್ರೆ, ರಸ್ತೆ ಅಗಲ ಆಗೋವಾಗ ಬರೀ ಅಗಲ ಆಗಲ್ಲ, ಎತ್ತರಾನೂ ಆಗುತ್ತೆ. ಮಣ್ಣು, ಜಲ್ಲಿ, ಡಾಂಬರು ಅಂತ ಪದರ ಪದರ ಬಿದ್ದು ಮುಗಿಯೋ ಹೊತ್ತಿಗೆ ನಿಮ್ಮ ಬಾಗಿಲು ರಸ್ತೆಗಿಂತ ಒಂದಡಿಯೋ ಒಂದೂವರೆಯಡಿಯೋ ಕೆಳಗಿರುತ್ತೆ. ಆಮೇಲೆ ಚರಂಡಿ, ಚರಂಡಿ ಮೇಲೆ ಚಪ್ಪಡಿ. ಕೆಇಬಿಯವರ ಕಂಬ ಹಿಂದಕ್ಕೆ ಬಂದು ಸರಿಯಾಗಿ ನಿಮ್ಮ ಬೋರ್ಡಿನ ಮುಂದೇನೇ ನಿಲ್ಲುತ್ತೆ, ಇದು ಹಣೆಬರಹ. ಕಂಬ ಎಲ್ಲಿ, ಲೈನ್ ಎಷ್ಟು ಎತ್ತರದಲ್ಲಿ ಅಂತ ಗೊತ್ತಾಗದೆ ಬೋರ್ಡು ಏರಿಸಿದ್ರೆ ಮತ್ತೆ ಇಳಿಸಬೇಕು. ಕ್ರೇನಿಗೆ ಒಂದ್ಸಲ, ವೆಲ್ಡರ್‌ಗೆ ಒಂದ್ಸಲ ಕೊಟ್ಟು, ಎರಡನೇ ಸಲಾನೂ ಕೊಟ್ಟೋರು ಬೇಕಾದಷ್ಟಿದ್ದಾರೆ. ಲೈನ್ ಹತ್ರ ಕಬ್ಬಿಣದ ಫ್ರೇಮ್ ಏರಿಸೋದು ಜೀವಕ್ಕೇ ಸಂಚಕಾರ, ಅದನ್ನ ಸಲೀಸಾಗಿ ತಗೋಬೇಡಿ. ಧೂಳಿನ ಮಾತಂತೂ ಬಿಡಿ. ಬಿಳಿ ಅಕ್ರಿಲಿಕ್ ಹಾಕಿದ್ರೆ ತಿಂಗಳೊಳಗೆ ಚಹಾದ ಬಣ್ಣ.

ಎರಡನೇದು. ಬೋರ್ಡು ಓದೋರು ಬದಲಾಗ್ತಾರೆ. ಇದನ್ನ ಯಾರೂ ಯೋಚಿಸಲ್ಲ. ಈಗ ನಿಮ್ಮ ರಸ್ತೇಲಿ ಗಾಡಿ ಗಂಟೆಗೆ 40ರಲ್ಲಿ ಹೋಗುತ್ತೆ ಅಂತಿಟ್ಕೊಳ್ಳಿ, ಅಂದ್ರೆ ಸೆಕೆಂಡಿಗೆ 11 ಮೀಟರ್. ನಾಲ್ಕು ಪಥ ಆದ್ಮೇಲೆ 80ರಲ್ಲಿ ಹೋಗ್ತಾರೆ, ಸೆಕೆಂಡಿಗೆ 22 ಮೀಟರ್. ನಮ್ಮ ಕೆಲಸದಲ್ಲಿ ಒಂದು ಕೈಲೆಕ್ಕ ಇದೆ: ಒಂದಿಂಚು ಅಕ್ಷರ ಹತ್ತಡಿಯಿಂದ ಸುಲಭವಾಗಿ ಓದಬಹುದು. ಒಂಬತ್ತಿಂಚು ಅಕ್ಷರ ಅಂದ್ರೆ 90 ಅಡಿ. 40ರಲ್ಲಿ ಬರೋನಿಗೆ ಓದೋಕೆ ಎರಡೂವರೆ ಸೆಕೆಂಡ್ ಸಿಗುತ್ತೆ, 80ರಲ್ಲಿ ಬರೋನಿಗೆ ಒಂದೂಕಾಲು. ಅವನು ಓದಿ, ಹೆಂಡ್ತಿನ "ಇಲ್ಲೇ ತಿನ್ನೋಣ್ವಾ" ಅಂತ ಕೇಳಿ, ಅವರು "ಹೂಂ" ಅನ್ನೋ ಹೊತ್ತಿಗೆ ಮುಂದಿನ ಊರು ಬಂದಿರುತ್ತೆ. ನಾಲ್ಕು ಸೆಕೆಂಡ್ ಮುಂಚೆ ಕಾಣ್ಬೇಕು ಅಂದ್ರೆ ಎರಡಡಿಗಿಂತ ದೊಡ್ಡ ಅಕ್ಷರ ಬೇಕು.

ನಿಮ್ಮ ಹೋಟೆಲ್ ಹೆಸರೇನು ಅಂತ ಗೊತ್ತಿಲ್ಲ, ದೇವರ ಹೆಸರೇ ಇರುತ್ತೆ ಅಂದ್ಕೊಂಡಿದೀನಿ. ನಮ್ಮ ಕನ್ನಡದಲ್ಲಿ ಒತ್ತು ಕೆಳಗೆ ಇಳಿಯುತ್ತೆ, ಗುಡಿಸು ಮೇಲಕ್ಕೆ ಏರುತ್ತೆ. 'ಲಕ್ಷ್ಮೀ' ಬರೆಯೋಕೆ ಮೂರಡಿ ಎತ್ತರ ಕೊಟ್ರೂ ಅಕ್ಷರದ ಹೊಟ್ಟೆಗೆ ಸಿಗೋದು ಒಂದೂಕಾಲಡಿ. ಮಿಕ್ಕಿದ್ದೆಲ್ಲ ಗುಡಿಸಿಗೂ ಒತ್ತಿಗೂ. ಕಂಪ್ಯೂಟರ್ ಹುಡುಗ್ರು ಇದನ್ನ ನೋಡಲ್ಲ, ಫಾಂಟ್ ಹಿಗ್ಗಿಸಿ ಬಿಡ್ತಾರೆ, ಒತ್ತು ಕೆಳಗಿನ ಫೋನ್ ನಂಬರ್ ಮೇಲೆ ಕೂತಿರುತ್ತೆ. ಬ್ರಷ್ ಹಿಡಿದೋರು ಹಂಗೆ ಮಾಡ್ತಿರ್ಲಿಲ್ಲ, ಒತ್ತಿಗೆ ಜಾಗ ಬಿಟ್ಟೇ ಗೆರೆ ಎಳೀತಿದ್ರು. ನಿಮ್ಮ ಹಳದಿ ಬೋರ್ಡಿನ ಫೋಟೋ ಇದ್ರೆ ಹಾಕಿ, ನೋಡೋ ಆಸೆ.

ಅದಕ್ಕೇ ನಾನು ಹೇಳೋದು, ದೊಡ್ಡದಾಗಿ ಊಟ ಅಂತ ಬರೆಸಿ. ಎರಡೇ ಅಕ್ಷರ. ಒತ್ತಿಲ್ಲ, ಗುಡಿಸಿಲ್ಲ, ಮೂರಡಿ ಕೊಟ್ರೆ ಮೂರಡೀನೂ ಅಕ್ಷರವೇ. ದೇವರ ಹೆಸರು ಮೇಲೆ ಸಣ್ಣಕ್ಕೆ, ಅವನೇನು ಬೇಜಾರ್ ಮಾಡ್ಕೊಳಲ್ಲ. ಕನ್ನಡ 60 ಭಾಗ ಇರ್ಬೇಕು, ಅದೂ ಮೇಲ್ಗಡೆ ಅಂತ 2024ರಲ್ಲಿ ಕಾಯ್ದೆ ತಿದ್ದುಪಡಿ ಆಗಿದೆ. ನಿಮಗೆ ಆ ತಲೆನೋವೇ ಇಲ್ಲ.

ಮಾಡಿಸೋ ಕಾಲಕ್ಕೆ: ಬಾಕ್ಸ್ ಪೈಪ್ ಫ್ರೇಮು, ಗೋಡೆಗೆ ಆಂಕರ್ ಬೋಲ್ಟು. ವೆಲ್ಡಿಂಗ್ ಬೇಡ, ನಟ್ಟು ಬೋಲ್ಟಲ್ಲೇ ಕೂರಿಸಿ, ನಾಳೆ ಮತ್ತೆ ಯಾರಾದ್ರೂ ಟೇಪ್ ಹಿಡ್ಕೊಂಡು ಬಂದ್ರೆ ಬಿಚ್ಚಿ ಒಳಗಿಟ್ಕೋಬಹುದು. ಫ್ಲೆಕ್ಸ್ ಬೇಡ. 2016ರ ಪ್ಲಾಸ್ಟಿಕ್ ನಿಷೇಧದಲ್ಲಿ ಅದೂ ಸೇರಿದೆ. ಎಲ್ಲರೂ ಹಾಕ್ತಾರೆ ಅನ್ನೋದು ಬೇರೆ ಮಾತು, ಆಷಾಢದ ಗಾಳಿಗೆ ಹರಿದು ಪಟಪಟ ಅಂತ ಹೊಡ್ಕೊಳ್ತಿರುತ್ತೆ ನೋಡಿ. ಲೈಟ್ ಬೇಕಿದ್ರೆ ಮೇಲಿಂದ ಎರಡು ದೀಪ ಬೋರ್ಡಿನ ಮೇಲೆ ಬೀಳೋ ಹಾಗೆ ಹಾಕಿ. ಬೈಕಿನವರು ಹೇಳಿದ್ದು ನಿಜ, ಕುಣಿಯೋ ಲೈಟ್ ನೋಡಿ ಯಾರೂ ಊಟಕ್ಕೆ ಬರಲ್ಲ.

---

ಹಳೇಹೆದ್ದಾರಿ_ಮದ್ದೂರು:

ನಮ್ಮದು ಮದ್ದೂರಲ್ಲಿ ಹಳೇ ಬೆಂಗಳೂರು–ಮೈಸೂರು ರಸ್ತೆ ಬದಿ ತಿಂಡಿ ಅಂಗಡಿ. ಮೈಸೂರಿನವರು ಹೇಳಿದ್ದಕ್ಕೆ ಇನ್ನೊಂದು ಸೇರಿಸ್ತೀನಿ.

ನಮ್ಮ ರಸ್ತೆ ಮೊದಲು ನಾಲ್ಕು ಪಥ ಆದಾಗಲೇ ನಾನು ಪಾಠ ಕಲ್ತೆ. ಮಧ್ಯದಲ್ಲಿ ಡಿವೈಡರ್ ಬಂತು. ಎದುರುಗಡೆಯಿಂದ ಬರೋ ಕಾರು ನಮ್ಮ ಬೋರ್ಡ್ ನೋಡ್ತಾನೆ, ಆಸೇನೂ ಪಡ್ತಾನೆ, ಈ ಕಡೆ ಬರೋಕಾಗಲ್ಲ. ಎಷ್ಟು ದೊಡ್ಡ ಬೋರ್ಡ್ ಹಾಕಿದ್ರೂ ಗಿರಾಕಿ ಅರ್ಧ. ತಿರುವು ನಮ್ಮಿಂದ ದೂರ ಇತ್ತು, ತಿರುವಿನ ಪಕ್ಕದ ಅಂಗಡಿಯವನು ಮಾತ್ರ ದೊಡ್ಡ ಮನೆ ಕಟ್ಟಿಸ್ದ.

ಆಮೇಲೆ ಹತ್ತು ಪಥದ ರಸ್ತೆ, 118 ಕಿಲೋಮೀಟರ್. ಮದ್ದೂರಲ್ಲಿ ಫ್ಲೈಓವರ್ ಬಂತು. 2023ರ ಮಾರ್ಚ್ 12ಕ್ಕೆ ಇಲ್ಲೇ ಗೆಜ್ಜಲಗೆರೇಲಿ ಪ್ರಧಾನಿ ಬಂದು ಉದ್ಘಾಟನೆ ಮಾಡಿದ್ರು. ಮಾರನೇ ವಾರದಿಂದ ನಮ್ಮ ತಲೆ ಮೇಲೆ ಬರೀ ಸದ್ದು. ಕಾರುಗಳೆಲ್ಲ ಮೇಲೆ, ನಮ್ಮ ಬೋರ್ಡ್ ಕೆಳಗೆ. ನಾನು ದಡ್ಡ, ತಾರಸಿ ಮೇಲೆ ಇಪ್ಪತ್ತಡಿ ಫ್ರೇಮ್ ಎತ್ತಿಸಿ ಮೇಲಿಂದ ಕಾಣೋ ಹಾಗೆ ಬೋರ್ಡ್ ಹಾಕ್ಸಿದೆ. ಒಬ್ಬನೇ ಒಬ್ಬ ಅದನ್ನ ನೋಡಿ ಇಳಿದು ಬಂದಿದ್ರೆ ಕೇಳಿ! ಕಂಡರೂ ಇಳಿಯೋ ದಾರಿ ಬೇಕಲ್ಲ. ಆ ಫ್ರೇಮು ಈಗ ಬಟ್ಟೆ ಒಣಗಾಕೋಕೆ.

ಆದ್ರೆ ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್‌ಗೆ ಮೇನ್ ರಸ್ತೆ ಬಂದ್ ಮಾಡಿದ್ರು. ಅವರೆಲ್ಲ ಸರ್ವಿಸ್ ರಸ್ತೆಗೆ, ಹಳೇ ರಸ್ತೆಗೆ ಬಂದ್ರು. ಬೈಕಿನವನು ನಿಧಾನ ಬರ್ತಾನೆ, ಎಲ್ಲಿ ಬೇಕಾದ್ರೂ ನಿಲ್ಲಿಸ್ತಾನೆ, ಅವನಿಗೆ ಇಪ್ಪತ್ತಡಿ ಬೋರ್ಡ್ ಬೇಡ. ಬಾಗಿಲಲ್ಲಿ ಒಂದು ಕಪ್ಪು ಹಲಗೆ ಮೇಲೆ ಸೀಮೆಸುಣ್ಣದಲ್ಲಿ "ಬಿಸಿ ವಡೆ" ಅಂತ ಬರೆದಿಟ್ಟೆ, ಸಾಕಾಯ್ತು.

ಅದಕ್ಕೆ ಅಕ್ಕ, ಬೋರ್ಡ್ ಎಷ್ಟು ದೊಡ್ಡದು ಅಂತ ಯೋಚಿಸೋ ಮುಂಚೆ ನಿಮ್ಮ ಹೋಟ್ಲಿಂದ ಡಿವೈಡರ್ ತೆರಪು ಎಲ್ಲಿ ಬರುತ್ತೆ ಅಂತ ಪತ್ತೆ ಹಚ್ಚಿ. ತೆರಪು ಹತ್ರ ಇದ್ರೆ ಎರಡೂ ಮುಖದ ಬೋರ್ಡು, ರಸ್ತೆಗೆ ಅಡ್ಡಲಾಗಿ ಕಾಣೋ ಹಾಗೆ, ನಿಮ್ಮ ಜಾಗದೊಳಗೇ. ದೂರ ಇದ್ರೆ ಒಂದೇ ಮುಖ ಸಾಕು, ಉಳಿದ ದುಡ್ಡಲ್ಲಿ ಗಾಡಿ ನಿಲ್ಲಿಸೋಕೆ ಜಾಗ ಸಮ ಮಾಡಿಸಿ. ಗೂಗಲ್ ಮ್ಯಾಪಲ್ಲಿ ಹಳೇ ಶೀಟಿನ ಫೋಟೋ ಇದ್ರೆ ಅದನ್ನೂ ಬದಲಾಯಿಸಿ, ಜನ ಹಳದಿ ಬೋರ್ಡು ಹುಡುಕ್ಕೊಂಡು ಮುಂದೆ ಹೋಗಿಬಿಡ್ತಾರೆ.

---

ಮುದ್ದೆಊಟ_ಮಂಡ್ಯ:

ಡಿವೈಡರ್ ತೆರಪು ಎಲ್ಲಿ ಬತ್ತದೆ ಅಂತ ಕೇಳಕ್ಕೆ ಕಚೇರಿಗೆ ಎರಡು ಸಲ ಹೋಗಿದ್ವಿ. ಒಂದ್ಸಲ ಸಾಹೇಬ್ರು ಸೈಟಲ್ಲಿ, ಇನ್ನೊಂದ್ಸಲ ಮೀಟಿಂಗಲ್ಲಿ.

ಅಪ್ಪಂಗೆ 'ಊಟ' ಅಂತ ದೊಡ್ಡದಾಗಿ ಬರೆಸೋ ವಿಚಾರ ಓದಿ ಹೇಳ್ದೆ. "ಮುದ್ದೆ ಅನ್ನೋದು ಇಲ್ದೆ ಊಟ ಯಾತರದು, ಚಪಾತಿ ಕೊಡ್ತಾರೇನೋ ಅಂದ್ಕತಾರೆ" ಅಂದ್ರು. ಮುದ್ದೆಗೆ ದ ಒತ್ತು ಅದೆ, ಜಾಗ ತಿಂತದೆ ಅಂತ ವಿವರಿಸಿದ್ರೆ "ಮುದ್ದೆ ಅಂದ್ಮೇಲೆ ಜಾಗ ತಿನ್ದೆ ಇರ್ತದಾ" ಅಂತ ನಕ್ರು. ಬೋರ್ಡಿನಣ್ಣ, ಹೊಸದು ಆಗೋವರೆಗೂ ಏನ್ ಮಾಡದು? ಶೀಟು ಮುಂದಿನ ವಾರ ಬಿಚ್ತೀವಿ. ಆಮೇಲೆ ಹೋಟ್ಲು ಅದೆ ಅಂತಲೇ ಗೊತ್ತಾಗಲ್ಲ.

---

ಬೋರ್ಡುಕೆಲಸ_ಮೈಸೂರು:

ಹನ್ನೆರಡಡಿ ತಗಡು ಅಂದ್ರಲ್ಲ, ಸಾಮಾನ್ಯವಾಗಿ ಒಂದೇ ತಗಡು ಹನ್ನೆರಡಡಿ ಬರಲ್ಲ, ಎಂಟಡಿದು ಒಂದು, ನಾಲ್ಕಡಿದು ಒಂದು ಸೇರಿಸಿ ರಿವೆಟ್ ಹೊಡೆದಿರ್ತಾರೆ. ಹಿಂದುಗಡೆ ನೋಡಿ. ರಿವೆಟ್ ತೆಗೆಸಿದ್ರೆ ಎರಡು ತುಂಡು ಆಗುತ್ತೆ, ಬಣ್ಣಕ್ಕೆ ಏನೂ ಆಗಲ್ಲ. ಸಣ್ಣ ತುಂಡನ್ನ ಎರಡು ಡ್ರಮ್ಮಿಗೆ ಮರಳು ತುಂಬಿ, ಮಧ್ಯೆ ಪೈಪ್ ನಿಲ್ಲಿಸಿ, ನಟ್ಟು ಹಾಕಿ ಕೂರಿಸಿ. ಜೆಸಿಬಿ ಬಂದ್ರೆ ಇಬ್ಬರು ಸೇರಿ ಹಿಂದಕ್ಕೆ ತಳ್ಳಬಹುದು. ಮರಕ್ಕೆ ಮಾತ್ರ ಮೊಳೆ ಹೊಡೀಬೇಡಿ. ಮುದ್ದೆ ಬಗ್ಗೆ ನಿಮ್ಮ ತಂದೆಯವರೇ ಸರಿ, 'ಊಟ' ದೊಡ್ಡದು, ಕೆಳಗೆ ಇನ್ನೊಂದು ಸಾಲು 'ಮುದ್ದೆ' ಮಾಡಿಸೋಣ. ಒತ್ತಿಗೆ ಜಾಗ ನಾನು ಬಿಡ್ತೀನಿ.

---

ಮುದ್ದೆಊಟ_ಮಂಡ್ಯ:

ಶೀಟು ಬಿಚ್ಚಿ ಹದಿನೈದು ದಿನ ಆಯ್ತು. ಮಹಜರಲ್ಲಿ ಕಟ್ಟೆ ಎರಡು, ತೊಟ್ಟಿ ಒಂದು ಅಂತ ಅಳತೆ ಸಮೇತ ಬರೆಸಿದೀವಿ, ಗುಮಾಸ್ತಣ್ಣಂಗೆ ಥ್ಯಾಂಕ್ಸ್. ಬೋರ್ಡು ಬರೆಯಿರಿ ಅಂದ್ರೆ ನಗಾಡಿದ್ರು, ಬಿಟ್ಟೆ.

ಬೋರ್ಡು ನೀವು ಹೇಳ್ದಂಗೇ ಎಂಟು, ನಾಲ್ಕು ಅಡೀದೇ ಆಗಿತ್ತು. ದೇವರ ಹೆಸರಿರೋ ದೊಡ್ಡ ತುಂಡು ಒಳಗೆ ಗಲ್ಲಾ ಹಿಂದೆ ಗೋಡೆಗೆ ಸಿಕ್ಕಿಸಿದೀವಿ, ಅಪ್ಪ ಅದರ ಕೆಳಗೇ ಕೂತವ್ರೆ. 'ಹೋಟೆಲ್' ಅಂತಿರೋ ತುಂಡು ಡ್ರಮ್ಮಿನ ಮೇಲೆ ಹೊರಗದೆ. ಹಳದಿ ಬಣ್ಣ ಕಂಡು ಲಾರಿಯೋರು ಈಗಲೂ ನಿಲ್ಲಿಸ್ತಾರೆ. ಎರಡು ಸಲ ಜೆಸಿಬಿಗೆ ದಾರಿ ಬಿಡಕ್ಕೆ ತಳ್ಳಿದ್ವಿ.

ಆ ಜೆಸಿಬಿ ಹುಡುಗನೂ, ಜಲ್ಲಿ ಹರಡೋರೂ ಸೇರಿ ಹದಿನಾಲ್ಕು ಜನ ಮಧ್ಯಾಹ್ನ ನಮ್ಮಲ್ಲೇ ಉಣ್ಣೋದು. ಅವರಿಗೆ ಬೋರ್ಡೂ ಬೇಡ, ಏನೂ ಬೇಡ. ಮೊನ್ನೆ ಅವರ ಮೇಸ್ತ್ರಿ ಎರಡನೇ ಮುದ್ದೆ ಮುರೀತಾ ಫೋನಲ್ಲಿ ನಕ್ಷೆ ತೆಗೆದು ತೋರಿಸ್ದ. ಡಿವೈಡರ್ ತೆರಪು ನಮ್ಮ ಹೋಟ್ಲು ದಾಟಿ ಮಂಡ್ಯ ಕಡೆಗೆ ಎಪ್ಪತ್ತು ಮೀಟರ್‌ಗೆ, ಹಾಲಿನ ಡೈರಿ ಮುಂದೆ ಬತ್ತದಂತೆ. ಬೋರ್ಡಿನಣ್ಣ, ಎರಡೂ ಮುಖದ್ದೇ ಲೆಕ್ಕ ಹಾಕಿ.